ಜಾರುವ ಕ್ಲಚ್, ಬಿಡದ ಕ್ಲಚ್

‘ಗೇರ್ ಬೀಳ್ತಿಲ್ಲ, ಕ್ಲಚ್ ಪ್ಲೇಟ್ ಸವೆದಿರಬೇಕು, ಹೊಸದು ಹಾಕಿಬಿಡಿ.’ ಕಾರಿನ ಜೊತೆ ತೀರ್ಪೂ ಹೀಗೆ ಸಿದ್ಧವಾಗಿಯೇ ಗ್ಯಾರೇಜಿಗೆ ಬರುತ್ತದೆ. ಆ ಮಾತಿನ ಮೊದಲರ್ಧಕ್ಕೂ ಉಳಿದರ್ಧಕ್ಕೂ ಸಾಮಾನ್ಯವಾಗಿ ನಂಟೇ ಇರುವುದಿಲ್ಲ. ಸವೆದ ಪ್ಲೇಟಿಗೆ ಹಿಡಿತ ಸಾಲುವುದಿಲ್ಲ. ಗೇರ್ ಬೀಳದಿರುವುದು ಹಿಡಿತ ಬಿಡದ ಕಾರಣಕ್ಕೆ. ಎರಡೂ ಒಂದಕ್ಕೊಂದು ತದ್ವಿರುದ್ಧ ಕಾಯಿಲೆಗಳು. ಔಷಧಿಯೂ ಬೇರೆ, ಖರ್ಚಂತೂ ತೀರಾ ಬೇರೆ.

ಕಾಲು ಪೆಡಲಿನ ಮೇಲಿಲ್ಲದಾಗ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ, ಅಂದರೆ ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರಕ್ಕೆ, ಒತ್ತಿ ಹಿಡಿದಿರುತ್ತದೆ. ಪೆಡಲ್ ತುಳಿದರೆ ರಿಲೀಸ್ ಬೇರಿಂಗ್ ಆ ಸ್ಪ್ರಿಂಗನ್ನು ಅದುಮಿ ಪ್ಲೇಟನ್ನು ಬಿಡಿಸುತ್ತದೆ. ಆದ್ದರಿಂದ ಮೊದಲ ಪ್ರಶ್ನೆ ಒಂದೇ: ತೊಂದರೆ ಬರುವುದು ಪೆಡಲ್ ಬಿಟ್ಟಾಗಲೋ, ತುಳಿದಾಗಲೋ?

ಬಿಟ್ಟಾಗ ಎಂದರೆ ಪ್ಲೇಟ್ ಜಾರುತ್ತಿದೆ. ಎಂಜಿನ್ ಕೂಗುತ್ತದೆ, ಕಾರು ಮಾತ್ರ ಎದ್ದು ಓಡುವುದಿಲ್ಲ. ಇದು ಮೊದಲು ಗೊತ್ತಾಗುವುದು ಫಸ್ಟ್ ಗೇರಿನಲ್ಲಲ್ಲ, ಮೇಲಿನ ಗೇರುಗಳಲ್ಲಿ, ಏರಿನಲ್ಲಿ, ತುಂಬು ಲೋಡಿನಲ್ಲಿ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಗಂಟೆಗೆ 50 ಕಿ.ಮೀ. ಆಸುಪಾಸಿನಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಥಟ್ಟನೆ ಮೇಲೆ ಹಾರಿ, ಸ್ಪೀಡಿನ ಮುಳ್ಳು ಇದ್ದಲ್ಲೇ ಉಳಿದರೆ ಅನುಮಾನ ಬೇಡ. ನಿಂತಲ್ಲೇ ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ ಬಿಡುವ ಪರೀಕ್ಷೆಯೂ ಇದೆ. ಕ್ಲಚ್ ಸರಿಯಿದ್ದರೆ ಎಂಜಿನ್ ತಕ್ಷಣ ಆಫ್ ಆಗಬೇಕು. ಅದನ್ನು ಮಾಡುವಾಗ ಚಕ್ರಗಳಿಗೆ ಅಡ್ಡ ಕೊಟ್ಟಿರಬೇಕು, ಎದುರಿಗೆ ಯಾರೂ ನಿಂತಿರಬಾರದು. ಒಮ್ಮೆ ಮಾಡಿದರೆ ಸಾಕು. ಮತ್ತೆ ಮತ್ತೆ ಮಾಡಿದರೆ ಪರೀಕ್ಷೆಯೇ ಪ್ಲೇಟನ್ನು ಸುಡುತ್ತದೆ.

ಜಾರುತ್ತಿದೆ ಎಂದಾದ ಮೇಲೂ ಪ್ಲೇಟೇ ಸವೆದಿದೆ ಎನ್ನುವಂತಿಲ್ಲ. ಕೇಬಲ್ ಇರುವ ಕಾರಿನಲ್ಲಿ ಪೆಡಲಿನ ಫ್ರೀ ಪ್ಲೇ ನೋಡಿ. ಕೈಯಿಂದ ಒತ್ತಿದಾಗ ಬಿಗಿ ಸಿಗುವ ಮೊದಲು ಸ್ವಲ್ಪ ಸಡಿಲ ಇರಬೇಕು, ಎಷ್ಟು ಮಿ.ಮೀ. ಎಂಬುದು ಆಯಾ ಕಾರಿನ ಮ್ಯಾನುಯಲ್‌ನಲ್ಲಿರುತ್ತದೆ. ಪ್ಲೇಟ್ ಸವೆದಂತೆ ಈ ಸಡಿಲ ಕಡಿಮೆಯಾಗುತ್ತಾ ಬರುತ್ತದೆ. ಅದು ಸೊನ್ನೆಗೆ ಬಂದರೆ, ಸದಾ ಯಾರೋ ಪೆಡಲಿನ ಮೇಲೆ ಕಾಲಿಟ್ಟಂತೆಯೇ. ಪ್ಲೇಟಿನ ಮೇಲೆ ಆಯಿಲ್ ಬಿದ್ದರೂ ಜಾರುತ್ತದೆ. ಹಾಗಿದ್ದಾಗ ಎಂಜಿನ್ನಿನ ಹಿಂದಿನ ಆಯಿಲ್ ಸೀಲನ್ನೋ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ಸೀಲನ್ನೋ ಬದಲಿಸದೆ ಹೊಸ ಪ್ಲೇಟ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಇನ್ನು ಪೆಡಲ್ ತುಳಿದಾಗಿನ ತೊಂದರೆ, ಜನ ತಪ್ಪು ತಿಳಿಯುವ ಜಾಗ. ಗೇರ್ ಬೀಳದಿದ್ದರೆ ಮೊದಲು ಎಂಜಿನ್ ಆಫ್ ಮಾಡಿ ಎಲ್ಲ ಗೇರುಗಳನ್ನೂ ಹಾಕಿ ನೋಡಿ. ಒಂದು ಗೇರ್ ಹಲ್ಲಿಗೆ ಹಲ್ಲು ತಗುಲಿ ನಿಂತರೆ ಕಾರನ್ನು ಒಂದಿಷ್ಟು ತಳ್ಳಿ ಮತ್ತೆ ಹಾಕಿ. ಆಫ್ ಇದ್ದಾಗಲೂ ಗಟ್ಟಿಯೆನಿಸಿದರೆ ಅದು ಗೇರ್ ಲಿಂಕೇಜಿನ ಅಥವಾ ಗೇರ್‌ಬಾಕ್ಸಿನ ವಿಷಯ, ಕ್ಲಚ್ಚನ್ನು ಬಿಟ್ಟುಬಿಡಿ. ಆಫ್ ಇದ್ದಾಗ ಸಲೀಸಾಗಿ ಬಿದ್ದು, ಸ್ಟಾರ್ಟ್ ಮಾಡಿದ ಮೇಲೆ ಮಾತ್ರ ಹಟ ಹಿಡಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಖಚಿತ ಮಾಡಿಕೊಳ್ಳಲು ಐಡಲ್‌ನಲ್ಲಿ ಪೆಡಲನ್ನು ತಳದವರೆಗೆ ತುಳಿದು, ಐದು ಎಣಿಸಿ, ರಿವರ್ಸ್ ಹಾಕಿ. ಎಣಿಸುವುದು ಯಾಕೆಂದರೆ ಒಳಗಿನ ಶಾಫ್ಟ್ ನಿಲ್ಲಲು ಒಂದೆರಡು ಕ್ಷಣ ಬೇಕು; ಅವಸರದಲ್ಲಿ ಹಾಕಿದರೆ ಸರಿಯಿರುವ ಕಾರೂ ಕರ್ ಎನ್ನಬಹುದು. ಕಾದ ಮೇಲೂ ಕರ್ ಎಂದರೆ ಶಾಫ್ಟ್ ಇನ್ನೂ ತಿರುಗುತ್ತಿದೆ ಎಂದರ್ಥ. ಅನೇಕ ಕಾರುಗಳಲ್ಲಿ ರಿವರ್ಸಿಗೆ ಸಿಂಕ್ರೊ (ಗೇರ್ ಹಾಕುವಾಗ ವೇಗ ಹೊಂದಿಸುವ ಭಾಗ) ಇರುವುದಿಲ್ಲ, ಹಾಗಾಗಿ ಅದು ಸತ್ಯ ಹೇಳುತ್ತದೆ. ಬೇರೆ ಗೇರುಗಳಲ್ಲಿ ಸಿಂಕ್ರೊ ಸಣ್ಣಪುಟ್ಟ ದೋಷವನ್ನು ಮುಚ್ಚಿಹಾಕಿಬಿಡುತ್ತದೆ.

ಇಷ್ಟಾದ ಮೇಲೂ ಗೇರ್‌ಬಾಕ್ಸ್ ಇಳಿಸುವ ಹೊತ್ತು ಬಂದಿಲ್ಲ. ಪೆಡಲ್ ಕೆಳಗಿನ ಮ್ಯಾಟ್ ಸರಿಸಿ. ನಗಬೇಡಿ, ಮೇಲಿಂದ ಮೇಲೆ ಹಾಸಿದ ದಪ್ಪ ಮ್ಯಾಟ್ ಪೆಡಲನ್ನು ತಳಮುಟ್ಟಲು ಬಿಡುವುದಿಲ್ಲ. ನಂತರ, ಕೇಬಲ್ ಬದಲು ಫ್ಲೂಯಿಡ್ ಒತ್ತಡದಿಂದ ನಡೆಯುವ ಕ್ಲಚ್ಚಾದರೆ, ಫ್ಲೂಯಿಡ್ ಮಟ್ಟ. ಪ್ಲೇಟ್ ಸವೆದರೆ ಕ್ಲಚ್ ಫ್ಲೂಯಿಡ್ ಕಡಿಮೆಯಾಗುವುದಿಲ್ಲ, ಬದಲಿಗೆ ಕೂದಲೆಳೆಯಷ್ಟು ಏರುತ್ತದೆ. ಬ್ರೇಕ್ ಪ್ಯಾಡ್ ಸವೆದಾಗ ಆಗುವುದರ ಉಲ್ಟಾ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಕೆಲವು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ ಇರುವುದರಿಂದ ಆ ಸೋರಿಕೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಪೆಡಲಿನ ಹಿಂದೆ, ಫ್ಲೂಯಿಡನ್ನು ಒತ್ತುವ ಮಾಸ್ಟರ್ ಸಿಲಿಂಡರಿನ ರಾಡ್ ಒದ್ದೆಯಿದೆಯೇ, ಆ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟಿನೊಳಗೆ ಫ್ಲೂಯಿಡ್ ಇದೆಯೇ ನೋಡಿ. ಸ್ಲೇವ್ ಗೇರ್‌ಬಾಕ್ಸಿನ ಒಳಗೇ ಕೂರುವ ಮಾದರಿಯಾದರೆ ಅದು ಕಣ್ಣಿಗೆ ಬೀಳುವುದಿಲ್ಲ. ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನ ಕೆಳಗೆ ತೊಟ್ಟಿಕ್ಕಿದ ಗುರುತೇ ಸಾಕ್ಷಿ.

ಎಲ್ಲೂ ಸೋರಿಕೆಯಿಲ್ಲವೇ? ಪೆಡಲನ್ನು ನಾಲ್ಕೈದು ಸಲ ಬೇಗಬೇಗ ಪಂಪ್ ಮಾಡಿ ತಕ್ಷಣ ಗೇರ್ ಹಾಕಿ. ಈಗ ಬಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಸೋತಿದೆ. ಆಮೇಲೆ ಬ್ರೇಕ್ ಒತ್ತಿಕೊಂಡು ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ಒಂದು ನಿಮಿಷ ತುಳಿದೇ ಇರಿ. ಕಾರು ಮೆಲ್ಲಗೆ ಮುಂದಕ್ಕೆ ಎಳೆಯತೊಡಗಿದರೆ ಮಾಸ್ಟರಿನ ಒಳಸೀಲ್ ಒತ್ತಡ ಹಿಡಿದಿಡುತ್ತಿಲ್ಲ ಎಂದೇ ಬಹುಮಟ್ಟಿಗೆ ಹೇಳಬಹುದು. ಫ್ಲೂಯಿಡ್ ಹಾಕುವಾಗ ಮುಚ್ಚಳದ ಮೇಲೆ ಬರೆದ ದರ್ಜೆಯದ್ದನ್ನೇ ಹಾಕಿ. ಅಲ್ಲಿ ಡಾಟ್ 4 ಎಂದಿದ್ದರೆ ಎಂಜಿನ್ ಆಯಿಲ್ ಒಂದು ಚಮಚ ಬಿದ್ದರೂ ರಬ್ಬರ್ ಸೀಲುಗಳು ಊದಿಕೊಂಡು ಹಾಳಾಗುತ್ತವೆ.

ಇದೆಲ್ಲ ಸರಿಯಿದ್ದೂ ಕ್ಲಚ್ ಬಿಡದಿದ್ದರೆ ಮಾತ್ರ ಒಳಗೆ ಕೈಹಾಕಬೇಕು: ಬಾಗಿದ ಫೋರ್ಕ್ (ರಿಲೀಸ್ ಬೇರಿಂಗನ್ನು ತಳ್ಳುವ ಕವೆ), ಸೊಟ್ಟಗಾದ ಪ್ಲೇಟ್, ತುಕ್ಕು ಹಿಡಿದ ಸ್ಪ್ಲೈನ್ (ಪ್ಲೇಟ್ ಕೂರುವ ಶಾಫ್ಟಿನ ಹಲ್ಲುಗೆರೆಗಳು), ಮುರಿದ ಲೈನಿಂಗಿನ (ಪ್ಲೇಟಿನ ಮೇಲಿನ ಹಿಡಿತದ ಪದರ) ಚೂರು. ಇವುಗಳಲ್ಲಿ ಯಾವುದೆಂದು ಇಳಿಸದೆ ಹೇಳುವವರ ಮಾತನ್ನು ನಾನಂತೂ ನಂಬುವುದಿಲ್ಲ.

ಸದ್ದಿನ ವಿಷಯ ಚಿಕ್ಕದು. ಪೆಡಲ್ ತುಳಿದಾಗ ಶುರುವಾಗುವ ಗುಂಯ್‌ಗುಡುವಿಕೆ ಹೆಚ್ಚಾಗಿ ರಿಲೀಸ್ ಬೇರಿಂಗಿನದು. ನ್ಯೂಟ್ರಲ್‌ನಲ್ಲಿ ಕಾಲು ತೆಗೆದಾಗ ಕೇಳಿ, ತುಳಿದಾಗ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗ್ ಕಡೆ ನೋಡಿ. ಹೊರಡುವಾಗ ಕಾರು ಗಡಗಡ ನಡುಗಿದರೆ ಎಂಜಿನ್ ಮೌಂಟಿಂಗ್ ಪರೀಕ್ಷಿಸದೆ ಕ್ಲಚ್ ಬಿಚ್ಚಿಸಬೇಡಿ.

ಗೇರ್‌ಬಾಕ್ಸ್ ಇಳಿಸಲೇಬೇಕಾದರೆ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ. ಬೇರಿಂಗ್ ಒಂದನ್ನು ಉಳಿಸಿಕೊಂಡರೆ ಅದಕ್ಕಾಗಿ ಅಷ್ಟೇ ಕೂಲಿ ಇನ್ನೊಮ್ಮೆ ತೆರಬೇಕಾಗುತ್ತದೆ. ಫ್ಲೈವೀಲಿನ ಮುಖದಲ್ಲಿ ನೀಲಿ ಕಲೆ, ಬಿರುಕು ಇವೆಯೇ ಎಂದು ನಿಮ್ಮ ಕಣ್ಣಾರೆ ನೋಡಿ. ಸ್ಪ್ಲೈನಿಗೆ ಗ್ರೀಸ್ ತೆಳುವಾಗಿ ಸವರಿದರೆ ಸಾಕು, ಹೆಚ್ಚಾದದ್ದು ಸಿಡಿದು ಹೊಸ ಲೈನಿಂಗಿಗೇ ಅಂಟುತ್ತದೆ. ಹಳೆಯ ಪ್ಲೇಟನ್ನು ಕೇಳಿ ಪಡೆದು, ರಿವೆಟ್ ತಲೆಯ ಮೇಲೆ ಲೈನಿಂಗ್ ಎಷ್ಟು ಉಳಿದಿದೆ ನೋಡಿ.