ಸ್ಪ್ರೂಸ್ ತೋಪಿನಲ್ಲಿ ಮರ ತೆಳುಗೊಳಿಸುವ ಲೆಕ್ಕ: ಇಳುವರಿಯಿಂದ ಗಾಳಿಯವರೆಗೆ

ಜರ್ಮನಿಯ ಸ್ಯಾಕ್ಸನಿಯಲ್ಲಿ ಗಣಿ ಆಡಳಿತ ನೋಡಿಕೊಳ್ಳುತ್ತಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ 1713ರಲ್ಲಿ, ಕಾಡು ಬೆಳೆದು ಕೊಡುವಷ್ಟನ್ನೇ ಕಡಿಯಬೇಕೆಂದು ಬರೆದರು. ಗಣಿಗೂ ಕುಲುಮೆಗೂ ಮರ ಸಾಲದೆ ಹುಟ್ಟಿದ ವಾದವಿದು. ಮುಂದಿನ ಶತಮಾನ ಇದಕ್ಕೆ ಕಂಡುಕೊಂಡ ದಾರಿ ಸ್ಪ್ರೂಸ್. ಬೇಗ ಬೆಳೆಯುವ, ಸೂಜಿ ಎಲೆಯ, ನೆಟ್ಟಗಿನ ಮರ. ಒಂದೇ ವಯಸ್ಸಿನ ತೋಪಾದರೆ ಲೆಕ್ಕವೂ ಸುಲಭ. ಒಂದೇ ಜಾತಿ ನೆಡುವುದು ಅಪಾಯ, ಮಿಶ್ರ ಕಾಡು ಬೇಕು ಎಂದು ಮ್ಯೂನಿಕ್‌ನ ಅರಣ್ಯಶಾಸ್ತ್ರ ಪ್ರಾಧ್ಯಾಪಕ ಕಾರ್ಲ್ ಗಾಯರ್ 1886ರಲ್ಲೇ ಎಚ್ಚರಿಸಿದರೂ ಕೇಳಿದವರು ಕಡಿಮೆ.

ಹತ್ತಿರ ನೆಟ್ಟ ಸಸಿಗಳು ದೊಡ್ಡವಾದಂತೆ ಕೆಲವನ್ನು ತೆಗೆಯಲೇಬೇಕು; ಇದೇ ತೆಳುಗೊಳಿಸುವಿಕೆ. ಎಷ್ಟು ತೆಗೆದರೆ ಮೋಪು ಹೆಚ್ಚುತ್ತದೆ? ಸಂಶೋಧಕರು ಒಂದೇ ತಾಕನ್ನು ದಶಕಗಟ್ಟಲೆ ಮತ್ತೆ ಮತ್ತೆ ಅಳೆದರು. 1941ರಲ್ಲಿ ನಾರ್ವೆಯ ಅರಣ್ಯ ಸಂಶೋಧಕ ಲಾಂಗ್‌ಸೇಟರ್ ಮಂಡಿಸಿದ ವಿಚಾರ ಚರ್ಚೆಯ ದಿಕ್ಕನ್ನೇ ತಿರುಗಿಸಿತು: ಸಾಂದ್ರತೆಯ ದೊಡ್ಡದೊಂದು ವ್ಯಾಪ್ತಿಯೊಳಗೆ ತೋಪಿನ ಒಟ್ಟು ಬೆಳವಣಿಗೆ ಹೆಚ್ಚುಕಡಿಮೆ ಒಂದೇ. ಅಂದರೆ ಮರ ತೆಗೆಯುವುದರಿಂದ ಮೋಪು ಹೆಚ್ಚುವುದಿಲ್ಲ; ಆ ಬೆಳವಣಿಗೆ ಉಳಿದ ಕೆಲವೇ ಮರಗಳ ಮೇಲೆ ಕೂಡುತ್ತದೆ, ಅವು ದಪ್ಪವಾಗುತ್ತವೆ.

ದಪ್ಪದ ನಿಜವಾದ ಬೆಲೆ ತಿಳಿಯುವುದು ಗಾಳಿ ಬೀಸಿದಾಗ. ಮರದ ಎತ್ತರವನ್ನು, ನೆಲದಿಂದ 1.3 ಮೀಟರ್ ಮೇಲೆ ಅಳೆದ ವ್ಯಾಸದಿಂದ ಭಾಗಿಸಿ, ಎರಡನ್ನೂ ಒಂದೇ ಮಾನದಲ್ಲಿಟ್ಟು. 24 ಮೀಟರ್ ಎತ್ತರ, 30 ಸೆಂಟಿಮೀಟರ್ ವ್ಯಾಸವಿದ್ದರೆ ಬರುವುದು 80. ವ್ಯಾಸ 20 ಸೆಂಟಿಮೀಟರ್ ಆದರೆ 120. ಎಂಬತ್ತರ ಆಸುಪಾಸಿನಲ್ಲಿರುವ ಸ್ಪ್ರೂಸ್ ನಿಲ್ಲುತ್ತದೆ, ನೂರು ದಾಟಿದ್ದು ಹಿಮದ ಭಾರಕ್ಕೂ ಮುರಿಯಬಹುದು. ಆದ್ದರಿಂದ ಮರ 12ರಿಂದ 15 ಮೀಟರ್ ಇರುವಾಗಲೇ ಮೊದಲ ತೆಳುಗೊಳಿಸುವಿಕೆ ಮುಗಿಯಬೇಕು. 20 ಮೀಟರ್ ದಾಟಿದ ಒತ್ತಾದ ತೋಪಿಗೆ ತಡವಾಗಿ ಕೈಹಾಕುವುದಕ್ಕಿಂತ ಮುಟ್ಟದೆ ಬಿಡುವುದೇ ವಾಸಿ. ಅಕ್ಕಪಕ್ಕದ ಆಸರೆ ಒಮ್ಮೆಲೇ ಹೋಗುತ್ತದೆ. ಬೇರು, ಕಾಂಡ ಬಲಿಯಲು ಹಲವು ವರ್ಷ ಬೇಕು. 2005ರ ಜನವರಿಯಲ್ಲಿ ಗುಡ್ರುನ್ ಬಿರುಗಾಳಿ ದಕ್ಷಿಣ ಸ್ವೀಡನ್ನಿನಲ್ಲಿ ಸುಮಾರು 7.5 ಕೋಟಿ ಘನ ಮೀಟರ್ ಮರ ಉರುಳಿಸಿತು, ಅದರಲ್ಲಿ ಹೆಚ್ಚಿನದು ಸ್ಪ್ರೂಸ್. ಬಿದ್ದ ಮರವನ್ನು ಬೇಸಿಗೆಯೊಳಗೆ ಸಾಗಿಸದಿದ್ದರೆ ತೊಗಟೆ ದುಂಬಿ ಅದರಲ್ಲೇ ಮರಿಮಾಡಿ, ನಿಂತ ಮರಗಳಿಗೂ ಏರುತ್ತದೆ.

ತೆಳುಗೊಳಿಸುವುದರ ಇನ್ನೊಂದು ಕೇಡು ಕಣ್ಣಿಗೆ ಕಾಣದು. ಹೆಟೆರೊಬೇಸಿಡಿಯಾನ್ ಶಿಲೀಂಧ್ರದ ಬೀಜಾಣುಗಳು ಹಸಿ ಮೋಟಿನ ಮೇಲೆ ಬಿದ್ದು, ಬೇರಿಗಿಳಿದು, ಬೇರು ಬೇರಿಗೆ ತಾಗುವಲ್ಲಿ ಪಕ್ಕದ ಮರಕ್ಕೆ ದಾಟಿ ಅದರ ಚೇಗನ್ನು ಕೊಳೆಸುತ್ತವೆ. ಕೇಂಬ್ರಿಜ್‌ನ ಜಾನ್ ರಿಷ್‌ಬೆತ್ ಪೈನ್ ತೋಪುಗಳಲ್ಲಿ ಈ ಹಾದಿಯನ್ನು ತೋರಿಸಿಕೊಟ್ಟರು. ಮೋಟಿನ ಮೇಲೆ ಫ್ಲೆಬಿಯಾಪ್ಸಿಸ್ ಎಂಬ ನಿರುಪದ್ರವಿ ಶಿಲೀಂಧ್ರವನ್ನು ಮೊದಲೇ ಕೂರಿಸಿದರೆ ರೋಗಕ್ಕೆ ಜಾಗ ಸಿಗದು ಎಂಬುದನ್ನೂ. ಈಗ ಕಡಿಯುವ ಯಂತ್ರದ ಬ್ಲೇಡಿನ ರಂಧ್ರಗಳಿಂದಲೇ ಈ ಶಿಲೀಂಧ್ರದ ದ್ರಾವಣ ಅಥವಾ ಯೂರಿಯಾ ದ್ರಾವಣ ಚಿಮ್ಮುತ್ತದೆ. ಅದಕ್ಕೆ ಬೆರೆಸಿದ ಬಣ್ಣ ಮೋಟಿನ ಅಂಚಿನವರೆಗೂ ಹರಡಿದೆಯೇ ಎಂದು ಚಾಲಕ ನೋಡಬೇಕು, ಏಕೆಂದರೆ ಒಣಗಿ ಉಳಿದ ಒಂದು ಪಟ್ಟಿಯೂ ರೋಗಕ್ಕೆ ಬಾಗಿಲೇ. ನೆಲ ಹೆಪ್ಪುಗಟ್ಟಿದ ಚಳಿಗಾಲದಲ್ಲಿ ಬೀಜಾಣು ಹಾರುವುದು ತೀರಾ ಕಡಿಮೆ, ಆಗ ಕಡಿದರೆ ಸಿಂಪಡಣೆ ಬೇಡ.

ಫಿನ್‌ಲ್ಯಾಂಡಿನಲ್ಲಿ 2014ರಲ್ಲಿ ಜಾರಿಗೆ ಬಂದ ಅರಣ್ಯ ಕಾಯ್ದೆಯ ತಿದ್ದುಪಡಿ, ನೆಲ ಬೋಳು ಮಾಡದೆ ಆಯ್ದ ಮರಗಳನ್ನಷ್ಟೇ ಕಡಿಯುವ ಪದ್ಧತಿಗೂ ಅವಕಾಶ ಕೊಟ್ಟಿದೆ. ಒಳ್ಳೆಯ ಹೆಜ್ಜೆ. ಆದರೆ ಹೆಟೆರೊಬೇಸಿಡಿಯಾನ್ ತರುವ ಈ ಬೇರುಕೊಳೆ ಹೊಕ್ಕ ಸ್ಪ್ರೂಸ್ ತೋಪಿಗೆ ಇದು ಹೊಂದದು: ಹಳೆ ಬೇರಿನಿಂದ ಎಳೆ ಮರಕ್ಕೆ ರೋಗ ನೇರವಾಗಿ ದಾಟುತ್ತದೆ. ಅಂಥ ಜಾಗವನ್ನು ಪೂರ್ತಿ ತೆರವು ಮಾಡಿ, ಮುಂದಿನ ಸರದಿಗೆ ಬರ್ಚ್‌ನಂಥ ಅಗಲೆಲೆಯ ಮರ ನೆಡುವುದು ಸೂಕ್ತ.