ಗೋಡೆ ಕೆಡವುವ ಮುಂಚೆ ನೂರು ಮೀಟರ್ ಅಳೆಯಿರಿ

"ನಮ್ಮ ಮನಿ ನಾವು ರಿಪೇರಿ ಮಾಡ್ಕೊಳಾಕ ಯಾರ ಪರ್ಮಿಷನ್ ಬೇಕ್ರಿ ಸಾಹೇಬ್ರ?" ಬೀದರಿನ ಹಳೆ ಊರಿನಲ್ಲಿ ಮಾಳಿಗೆ (ಮಣ್ಣು ಹಾಕಿದ ಚಾವಣಿ) ಸೋರಲು ಶುರುವಾದರೆ ಎಂಜಿನಿಯರ್ ಕಿವಿಗೆ ಬೀಳುವ ಮೊದಲ ಮಾತು ಇದೇ. ಕೇಳುವವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಕೋಟೆಯ ಹತ್ತಿರ, ಮಹಮೂದ್ ಗವಾನ್ ಮದರಸಾದ ಆಸುಪಾಸು ಮನೆಯಿದ್ದರೆ ಮಿಸ್ತ್ರಿಯನ್ನು ಕರೆಯುವ ಮುಂಚೆ ದೂರ ಅಳೆಯಲೇಬೇಕು.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಅದರಂತೆ ಕೇಂದ್ರ ಸರ್ಕಾರ ರಕ್ಷಿಸಿದ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಶುರುವಾಗುವುದು ಮದರಸಾದ ಮಿನಾರಿನಿಂದಲ್ಲ, ರಕ್ಷಿತ ಜಾಗದ ಗಡಿಯಿಂದ. ನಮ್ಮ ಮನೆ ದೂರದಲ್ಲಿದೆ ಎಂದುಕೊಂಡವರು ಎಷ್ಟೋ ಸಲ ಒಳಗೇ ಇರುತ್ತಾರೆ.

ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಸಿಕ್ಕರೆ ಹೊಸದಾಗಿ ಕಟ್ಟಲೂಬಹುದು, ಕೆಡವಿ ಕಟ್ಟಲೂಬಹುದು. ನಿಷೇಧಿತ ಪ್ರದೇಶದ ಲೆಕ್ಕ ಬೇರೆ. ಅಲ್ಲಿ 1992ರ ಜೂನ್ 16ಕ್ಕಿಂತ ಮೊದಲಿನಿಂದ ನಿಂತಿರುವ ಮನೆಗೆ ಅನುಮತಿ ಪಡೆದು ರಿಪೇರಿ, ನವೀಕರಣ ಮಾಡಿಸಬಹುದು. ಕೆಡವಿದ್ದನ್ನು ಅದೇ ಅಳತೆಗೆ ಮತ್ತೆ ಎಬ್ಬಿಸುವುದಕ್ಕೂ ಅವಕಾಶವಿಲ್ಲ. "ಶನಿವಾರ ಕೆಡವಿ ರವಿವಾರ ಪಾಯ ತೆಗೆಯೋಣ" ಎನ್ನುವ ಗುತ್ತಿಗೆದಾರನ ಮಾತು ಕೇಳಿದರೆ ಅಜ್ಜನ ಕಾಲದ ಮನೆ ಹೋಗಿ ಖಾಲಿ ಜಾಗ ಉಳಿಯುತ್ತದೆ. ನಿಯಮ ಮೀರಿ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ನಗರಾಡಳಿತದ ಪರವಾನಗಿ ಕೈಯಲ್ಲಿದೆ ಎಂದರೆ ಇದು ತಪ್ಪುವುದಿಲ್ಲ, ಅದರ ಜೊತೆ ಈ ಕಾಯ್ದೆಯ ಅನುಮತಿಯೂ ಬೇಕು.

ಹಾಗಾಗಿ ನಾನು ಮೊದಲು ಕೇಳುವುದು ಹಳೆಯ ಕಾಗದ: ಖರೀದಿ ಪತ್ರ, ಮನೆ ಕರದ ರಸೀದಿ, ಕರೆಂಟ್ ಬಿಲ್. ಮನೆ 1992ಕ್ಕಿಂತ ಹಳೆಯದು ಎಂದು ತೋರಿಸುವ ಯಾವುದಾದರೂ ಸರಿ. ಟ್ರಂಕಿನ ತಳದಲ್ಲಿರುವ ಹಳದಿ ರಸೀದಿಯನ್ನು ರದ್ದಿಗೆ ಹಾಕಬೇಡಿ. ಆಮೇಲೆ ಪ್ರತಿ ಗೋಡೆ, ಪ್ರತಿ ಕೋಣೆ, ಮಾಳಿಗೆಯ ಒಳಹೊರಗಿನ ಫೋಟೋ. ಕೆಲಸಕ್ಕೆ ಕೈ ಹಾಕುವ ಮುಂಚೆ ಮನೆ ಎಷ್ಟು ಎತ್ತರ, ಎಷ್ಟು ಅಗಲ ಇತ್ತು ಎನ್ನುವುದಕ್ಕೆ ಅದೇ ಸಾಕ್ಷಿ. ಮೇಲೊಂದು ಕೋಣೆ ಏರಿಸುವ ಆಸೆಯಿದ್ದರೆ ಅದನ್ನು ರಿಪೇರಿ ಅರ್ಜಿಯೊಳಗೆ ಸೇರಿಸಲು ಹೋಗಬೇಡಿ. ಎತ್ತರ ಹೆಚ್ಚಿದರೆ ಅದು ರಿಪೇರಿ ಅಲ್ಲ.

ಕೆಡವದೆ ಗಟ್ಟಿ ಮಾಡಲು ಆಗುತ್ತದೆಯೇ? ಬಹಳ ಮನೆಗಳಲ್ಲಿ ಆಗುತ್ತದೆ. ಮೊದಲು ಮಾಳಿಗೆ ಹತ್ತಿ ನೋಡಿ. ಸೋರಿತೆಂದು ವರ್ಷ ವರ್ಷ ಮಣ್ಣು ಸುರಿದು ಸುರಿದು ದಪ್ಪ ಏರಿರುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ಮೇಲೆ ಒಂದು ಅಡಿ ಮಣ್ಣಿದ್ದರೂ ಐದು ಟನ್ನಿಗೂ ಹೆಚ್ಚು ಭಾರ, ಒದ್ದೆಯಾದರೆ ಇನ್ನಷ್ಟು. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಭೂಕಂಪಕ್ಕೆ ನಡುಗಿದಾಗ ಜನ ಸತ್ತದ್ದು ಇಂಥ ಮಣ್ಣಿನ ಮಾಳಿಗೆ, ಮಣ್ಣು ಮೆತ್ತಿದ ಕಲ್ಲಿನ ಗೋಡೆಗಳ ಕೆಳಗೆ. ಕಿಲ್ಲಾರಿ ನಮಗೇನು ದೂರವಲ್ಲ. ಹೆಚ್ಚುವರಿ ಮಣ್ಣು ಇಳಿಸಿ, ಗೆದ್ದಲು ತಿಂದ ಜಂತಿ ಬದಲಿಸುವುದೇ ಅರ್ಧ ರಿಪೇರಿ.

ಗೋಡೆ ಎರಡು ಮುಖದ್ದು, ನಡುವೆ ಚೂರುಕಲ್ಲು ಮತ್ತು ಮಣ್ಣು. ನೀರು ಇಳಿದರೆ ಒಂದು ಮುಖ ಹೊಟ್ಟೆ ಬಿಡುತ್ತದೆ. ಪೂರ್ತಿ ಗೋಡೆ ಉರುಳಿಸುವ ಅಗತ್ಯವಿಲ್ಲ. ಮಾಳಿಗೆಗೆ ಆಸರೆ ಕೊಟ್ಟು, ಎರಡು-ಮೂರು ಅಡಿ ಉದ್ದದಷ್ಟು ಮಾತ್ರ ಬಿಚ್ಚಿ ಕಟ್ಟಿ, ಅದು ಬಿಗಿದ ಮೇಲೆ ಮುಂದಿನದಕ್ಕೆ ಹೋಗಬೇಕು. ಕಟ್ಟುವಾಗ ಈಚೆಯಿಂದ ಆಚೆವರೆಗೆ ಹಾಯುವ ಉದ್ದ ಕಲ್ಲುಗಳನ್ನು ಎತ್ತರದಲ್ಲಿ ಎರಡು ಅಡಿಗೊಂದು, ಉದ್ದದಲ್ಲಿ ನಾಲ್ಕು ಅಡಿಗೊಂದು ಕೂಡಿಸಬೇಕು. ಇಂಥ ಮನೆಗಳನ್ನು ಭೂಕಂಪ ತಾಳುವಂತೆ ಕಟ್ಟುವ ಭಾರತೀಯ ಮಾನಕ ಐಎಸ್ 13828 ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಮಿಸ್ತ್ರಿಗೆ ಇದು ಬೇಸರದ ಕೆಲಸ, ಪಕ್ಕದಲ್ಲೇ ನಿಂತು ಮಾಡಿಸಬೇಕು. ನಮ್ಮ ಕೆಂಪು ಜಂಬಿಟ್ಟಿಗೆ ಕಲ್ಲು ನೀರು ಹೀರುವ ಜಾತಿ. ಮೇಲೆ ಸಿಮೆಂಟ್ ಗಿಲಾವು ಬಳಿದರೆ ತೇವ ಹೊರಬರಲಾರದೆ ಒಳಗೇ ಕೊಳೆತು ಗಿಲಾವು ಹಪ್ಪಳದಂತೆ ಏಳುತ್ತದೆ. ಸುಣ್ಣದ ಗಾರೆಯೇ ಸರಿ.

ಇನ್ನು ಕಾಲದ ಲೆಕ್ಕ. ಅರ್ಜಿ ಬಂದ 15 ದಿನದೊಳಗೆ ಸಕ್ಷಮ ಪ್ರಾಧಿಕಾರ, ಅಂದರೆ ಈ ಅನುಮತಿ ಕೊಡಲು ಕೇಂದ್ರ ಗೊತ್ತುಮಾಡಿದ ಅಧಿಕಾರಿ, ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಅವರಿಗೆ ಎರಡು ತಿಂಗಳು, ಅಲ್ಲಿಂದ ಬಂದ ಮೇಲೆ ಮತ್ತೊಂದು ತಿಂಗಳು. ಕಾಗದ ಸರಿಯಿದ್ದರೂ ಮೂರೂವರೆ ತಿಂಗಳು ಹಿಡಿದುಕೊಳ್ಳಿ. ಜೂನ್ ಶುರುವಿನ ಮಿರಗದ (ಮೃಗಶಿರಾ) ಮಳೆಗೆ ಮುಂಚೆ ಮಾಳಿಗೆ ಮುಗಿಯಬೇಕಾದರೆ ಅರ್ಜಿ ಸಂಕ್ರಾಂತಿಗೇ ಹೋಗಿರಬೇಕು. ಅಲ್ಲಿಯತನಕ ಬಾಗಿದ ತೊಲೆಗೆ ಆಸರೆ ಕೊಡಿಸಿ, ಆ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ.