ಹಂಪಿ ಕನ್ನಡ ವಿ.ವಿ.ಯಲ್ಲಿ ಸಂಶೋಧನೆ: ಅರ್ಜಿಗೆ ಮೊದಲು, ಪ್ರಬಂಧ ಒಪ್ಪಿಸುವ ಮುನ್ನ

ಬಿ.ಎ., ಬಿ.ಕಾಂ. ಸೀಟು ಕೇಳಿಕೊಂಡು ಹೋಗುವ ಜಾಗ ಇದಲ್ಲ. 1991ರಲ್ಲಿ ಹಂಪಿ ಪಕ್ಕದ ಕಮಲಾಪುರದ ಬಳಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯ ಮೊದಲಿನಿಂದಲೂ ಸಂಶೋಧನೆಗೆ ಮೀಸಲು. ಮೊದಲ ಕುಲಪತಿ ಚಂದ್ರಶೇಖರ ಕಂಬಾರ. ಸಾಹಿತ್ಯ, ಜಾನಪದ, ಹಸ್ತಪ್ರತಿ, ಬುಡಕಟ್ಟು ಅಧ್ಯಯನ, ಮಹಿಳಾ ಅಧ್ಯಯನ, ಪುರಾತತ್ವ, ಅಭಿವೃದ್ಧಿ ಅಧ್ಯಯನ ಹೀಗೆ ವಿಭಾಗ ಯಾವುದಾದರೂ ಪ್ರಬಂಧ ಬರೆಯುವುದು ಕನ್ನಡದಲ್ಲೇ. ಘಟಿಕೋತ್ಸವಕ್ಕೂ ಇಲ್ಲಿ ನುಡಿಹಬ್ಬ ಎಂದೇ ಹೆಸರು. ಇಲ್ಲಿನ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಪುಸ್ತಕ ಕೊಳ್ಳುವ ಓದುಗರು ನಾಡಿನ ತುಂಬ ಇದ್ದಾರೆ. ಪ್ರವೇಶದ ಕ್ರಮ ತಿಳಿದವರು ಅಷ್ಟಿಲ್ಲ.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮದಂತೆ ಪಿಎಚ್.ಡಿ.ಗೆ ಸ್ನಾತಕೋತ್ತರದಲ್ಲಿ ಶೇ 55 ಅಂಕ ಬೇಕು, ಮೀಸಲು ವರ್ಗದವರಿಗೆ ಶೇ 5 ವಿನಾಯಿತಿ. ಅವಧಿ ಕನಿಷ್ಠ 3, ಗರಿಷ್ಠ 6 ವರ್ಷ. ಎಂ.ಫಿಲ್. ಈಗಿಲ್ಲ. ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರಿಗಷ್ಟೇ ಮಾರ್ಗದರ್ಶನ ಮಾಡಬಹುದು. ಹಾಗಾಗಿ ನಿಮಗೆ ಬೇಕಾದ ಮಾರ್ಗದರ್ಶಕರ ಬಳಿ ಸ್ಥಾನ ಖಾಲಿ ಇದೆಯೇ ಎಂದು ಅರ್ಜಿಗೆ ಮೊದಲೇ ವಿಚಾರಿಸಿ.

ಸಾರಲೇಖ (ಸಂಶೋಧನೆಯ ರೂಪುರೇಖೆ, ಸಿನಾಪ್ಸಿಸ್) ಸೋಲುವುದು ಹೆಚ್ಚಾಗಿ ಶೀರ್ಷಿಕೆಯಲ್ಲೇ. ‘ವಿಜಯನಗರ ಜಿಲ್ಲೆಯ ಜಾನಪದ: ಒಂದು ಅಧ್ಯಯನ’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ‘ಕೂಡ್ಲಿಗಿ ತಾಲ್ಲೂಕಿನ ಮ್ಯಾಸಬೇಡರ ದೇವರ ಎತ್ತುಗಳು ಮತ್ತು ಕಿಲಾರಿಗಳು’ ಎಂದರೆ ಊರು, ಸಮುದಾಯ, ಮಾತಾಡಿಸಬೇಕಾದ ಜನ (ಆ ಎತ್ತು ಕಾಯುವ ಕಿಲಾರಿಗಳು) ಎಲ್ಲ ಕಣ್ಣಿಗೆ ಬೀಳುತ್ತದೆ. ಎಷ್ಟು ಹಟ್ಟಿಗೆ ಹೋಗುತ್ತೀರಿ, ಯಾವ ತಿಂಗಳಲ್ಲಿ, ಅಲ್ಲಿ ಮೊದಲೇ ಕೆಲಸ ಮಾಡಿದವರು ಯಾರು, ಅವರು ಬಿಟ್ಟದ್ದೇನು ಎಂಬುದನ್ನು ಒಂದೂವರೆ ಪುಟದಲ್ಲಿ ಬರೆದರೆ ಸಂದರ್ಶನ ಅರ್ಧ ಗೆದ್ದ ಹಾಗೆ.

ಹಸ್ತಪ್ರತಿ ಆರಿಸಿಕೊಂಡವರಿಗೆ ಬೇರೆಯೇ ಕಷ್ಟ. ಓಲೆಗರಿಯಲ್ಲಿ ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ಎ–ಏ, ಒ–ಓ ಭೇದವೂ ಹಲವು ಪ್ರತಿಗಳಲ್ಲಿ ಇರುವುದಿಲ್ಲ. ಹ್ರಸ್ವವೋ ದೀರ್ಘವೋ ಎಂಬುದನ್ನು ಛಂದಸ್ಸಿನ ಮಾತ್ರೆ ಎಣಿಸಿಯೇ ತೀರ್ಮಾನಿಸಬೇಕು. ಛಂದಸ್ಸು ಬಾರದವರು ಈ ದಾರಿ ಹಿಡಿಯದಿರುವುದು ಒಳ್ಳೆಯದು; ಕಡುಮಾತು ಎನಿಸಬಹುದು, ಆದರೆ ಮೂರನೇ ವರ್ಷದಲ್ಲಿ ಅರಿವಾಗುವುದಕ್ಕಿಂತ ಈಗಲೇ ಅರಿವಾಗಲಿ. ಗರಿಯ ಕೊನೆಯ ಪುಷ್ಪಿಕೆಯನ್ನು ಮೊದಲು ಓದಿ: ಲಿಪಿಕಾರನ ಹೆಸರು, ಸಂವತ್ಸರ, ಊರು ಸಿಗುವುದು ಅಲ್ಲೇ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಶಕವರ್ಷವಿಲ್ಲದ ಬರೀ ‘ಪ್ರಮಾದಿ’ಯನ್ನು ನಂಬಿ ಕಾಲ ಹೇಳಿಬಿಟ್ಟರೆ ಒಂದು ಸುತ್ತು ಹಿಂದೆ ಮುಂದೆ ಆಗುವುದು ಸುಲಭ.

ಇನ್ನು ಕೃತಿಚೌರ್ಯ ತಪಾಸಣೆ. 2018ರ ಯುಜಿಸಿ ನಿಯಮದಲ್ಲಿ ಹೋಲಿಕೆ ಶೇ 10ರ ಒಳಗಿದ್ದರೆ ದಂಡವಿಲ್ಲ. 10ರಿಂದ 40 ಇದ್ದರೆ ತಿದ್ದಿ 6 ತಿಂಗಳೊಳಗೆ ಮತ್ತೆ ಒಪ್ಪಿಸಬೇಕು. 60 ದಾಟಿದರೆ ನೋಂದಣಿಯೇ ರದ್ದು. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಕಡತ ತಪಾಸಣೆಯ ತಂತ್ರಾಂಶಕ್ಕೆ ಕನ್ನಡವಾಗಿ ಕಾಣುವುದೇ ಇಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವತ್ತು ಜಾಗ ತಪ್ಪುವುದುಂಟು, ಒತ್ತಕ್ಷರ ಕಳಚುವುದುಂಟು. ಹಳಗನ್ನಡ ಉಲ್ಲೇಖಗಳಿದ್ದರೆ ಱ, ೞ ಎರಡನ್ನೂ ಒಂದೊಂದಾಗಿ ಹುಡುಕಿ ನೋಡಿ. ಮೊದಲ ದಿನದಿಂದಲೇ ಯೂನಿಕೋಡಿನಲ್ಲಿ ಟೈಪಿಸಿದವರಿಗೆ ಈ ತಲೆನೋವೇ ಇಲ್ಲ. ಡಿಟಿಪಿಗೆ ಕೊಡುವವರು ಯಾವ ಫಾಂಟ್ ಎಂದು ಮುಂಗಡ ಕೊಡುವಾಗಲೇ ಕೇಳಿಕೊಳ್ಳಿ.